ಅಮ್ಮನ ಎದೆ ಹೊಡೆದುಕೊಳ್ಳುತ್ತೆ, ಆಸ್ಪತ್ರೆ ತಲುಪೋಷ್ಟರಲ್ಲಿ ನಿಂತಿರುತ್ತೆ. ಯಾವ ಮಷೀನ್‌ಗೆ ಸಿಕ್ಕೀತು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಮ್ಮನ ವಿಷಯ ಕೇಳಬೇಕಿತ್ತು. ವಯಸ್ಸು 57. ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ಅಪ್ಪನ ಜೊತೆ ಇದ್ದಾರೆ. ನಾನು ಬೆಂಗಳೂರಿನಲ್ಲಿ.

ಎರಡು ವರ್ಷದಿಂದ ಅವರಿಗೆ ಇದ್ದಕ್ಕಿದ್ದಂತೆ ಎದೆ ಡವಡವ ಅಂತ ಹೊಡೆದುಕೊಳ್ಳಲು ಶುರುವಾಗುತ್ತದೆ. ಕೆಲಸ ಜಾಸ್ತಿ ಆದಾಗ ಮಾತ್ರ ಅಂತೇನಿಲ್ಲ. ಹೋದ ಸಲ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವಾಗ ಬಂತು. ಅದಕ್ಕೂ ಮುಂಚೆ ಒಂದು ಸಲ ಬಗ್ಗಿ ಬಿಂದಿಗೆ ಎತ್ತುವಾಗ. ಹತ್ತು ಹದಿನೈದು ನಿಮಿಷ ಇರುತ್ತದೆ, ಅಪರೂಪಕ್ಕೆ ಅರ್ಧ ಗಂಟೆ. ಆಮೇಲೆ ಬಂದ ಹಾಗೇ ಹೋಗಿಬಿಡುತ್ತದೆ. ಆಗ ಕತ್ತಿನಲ್ಲಿ ಏನೋ ಬಡಿಯುತ್ತದೆ ಅನ್ನುತ್ತಾರೆ. ಮುಗಿದ ಮೇಲೆ ಮೂತ್ರಕ್ಕೆ ಜಾಸ್ತಿ ಹೋಗಬೇಕಾಗುತ್ತದಂತೆ. ತಿಂಗಳಿಗೆ ಒಂದೋ ಎರಡೋ ಸಲ, ಕೆಲವು ತಿಂಗಳು ಇಲ್ಲವೇ ಇಲ್ಲ. ಎಚ್ಚರ ಯಾವತ್ತೂ ತಪ್ಪಿಲ್ಲ.

ಮನೆಯಿಂದ ಆಸ್ಪತ್ರೆಗೆ ಮುಕ್ಕಾಲು ಗಂಟೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಹೋಗಿ ಇಸಿಜಿ ತೆಗೆಸುವ ಹೊತ್ತಿಗೆ ಎಲ್ಲ ಸರಿ ಇರುತ್ತದೆ. ಎಕೋ (ಹೃದಯದ ಸ್ಕ್ಯಾನ್) ನಾರ್ಮಲ್. ಥೈರಾಯ್ಡ್, ಹಿಮೋಗ್ಲೋಬಿನ್ ಸರಿ ಇದೆ. ಮೈಗೆ ಕಟ್ಟಿಕೊಂಡು ಓಡಾಡುವ, 24 ಗಂಟೆ ಇಸಿಜಿ ತೆಗೆಯುವ ಹಾಲ್ಟರ್ ಎಂಬ ಮಷೀನ್ ಹಾಕಿಸಿದೆವು, ಅದೂ ನಾರ್ಮಲ್. ಅವತ್ತು ಏನೂ ಆಗಲೇ ಇಲ್ಲ. ಒಬ್ಬ ಡಾಕ್ಟರ್ "ಇದು ಟೆನ್ಶನ್ ಅಷ್ಟೇ, ಈ ವಯಸ್ಸಿನ ಹೆಂಗಸರಿಗೆ ಮಾಮೂಲಿ" ಅಂತ ನಿದ್ದೆ ಮಾತ್ರೆ ಬರೆದುಕೊಟ್ಟರು. ಅದಾದ ಮೇಲೆ ಅಮ್ಮ ಎದೆ ಹೊಡೆದುಕೊಂಡರೂ ಯಾರಿಗೂ ಹೇಳುತ್ತಿಲ್ಲ. ಅಪ್ಪ ಫೋನ್ ಮಾಡಿ ಹೇಳಿದರೆ ನನಗೆ ಗೊತ್ತಾಗಬೇಕು.

ಈಗ ಬಾವ ಸ್ಮಾರ್ಟ್‌ವಾಚ್ ಕೊಡಿಸು ಅನ್ನುತ್ತಾರೆ. ಇನ್ನೊಬ್ಬರು ಎದೆಯ ಚರ್ಮದ ಕೆಳಗೆ ಇಡುವ ಚಿಪ್ ಇದೆ, ಅದನ್ನೇ ಹಾಕಿಸಿ ಅಂದರು. ಮತ್ತೊಂದು ಸಲ ಹಾಲ್ಟರ್ ಮಾಡಿಸಲೇ? ದುಡ್ಡು ಹೊಂದಿಸೋಣ, ಆದರೆ ಸುಮ್ನೆ ದಂಡ ಆಗಬಾರದು. ಗೊತ್ತಿದ್ದವರು ಹೇಳಿ.

ಕಾಫಿಡಬ್ಬಿ

ಗ್ಯಾಸ್ ಇರಬಹುದು ನೋಡಿ. ನಮ್ಮ ಅತ್ತೆಗೂ ಹೀಗೇ ಆಗ್ತಿತ್ತು. ರಾತ್ರಿ ಊಟ ಬೇಗ ಮಾಡಿಸಿ, ಜೀರಿಗೆ ಕಷಾಯ ಕೊಡಿ. ಇಷ್ಟೆಲ್ಲ ಟೆಸ್ಟ್ ನಾರ್ಮಲ್ ಬಂದ ಮೇಲೆ ಮತ್ತೆ ಯಾಕೆ ಆಸ್ಪತ್ರೆಗೆ ಸುರೀತೀರಾ?

ಹಾಲ್ಟರ್ ರೂಮಿನವಳು

ಜೀರಿಗೆ ಕಷಾಯ ಕುಡಿಯಲಿ, ಅದರಿಂದ ನಷ್ಟವೇನಿಲ್ಲ. ಆದರೆ ಗ್ಯಾಸ್ ಅಂತ ಮುಚ್ಚಿಡುವ ಕೇಸಲ್ಲ ಇದು.

ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಇಸಿಜಿ ಮತ್ತು ಹಾಲ್ಟರ್ ಟೆಕ್ನಿಷಿಯನ್. ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಮ್ಮ ಅಮ್ಮನಂಥವರಿಗೆ ವೈರ್ ಅಂಟಿಸುವುದೇ ನನ್ನ ದಿನದ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಕೈಯಲ್ಲಿರುವ ನಾರ್ಮಲ್ ರಿಪೋರ್ಟ್ ಯಾವುದೂ ಸುಳ್ಳಲ್ಲ. ಆದರೆ ನಿಮ್ಮ ಪ್ರಶ್ನೆಗೆ ಅವು ಉತ್ತರವೂ ಅಲ್ಲ. ಮಾಮೂಲಿ ಇಸಿಜಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಒಂದು ಹಾಳೆಯಲ್ಲಿ ಸಿಗುವುದು ಸುಮಾರು 10 ಸೆಕೆಂಡಿನ ಬಡಿತ. ತಿಂಗಳಲ್ಲಿ ಕಾಲು ಗಂಟೆ ಬಂದು ಹೋಗುವುದು ಆ 10 ಸೆಕೆಂಡಿಗೆ ಹೇಗೆ ಸಿಕ್ಕೀತು? 24 ಗಂಟೆಯ ಹಾಲ್ಟರ್ ಕಥೆಯೂ ಅದೇ. ಅವತ್ತು ತೊಂದರೆ ಬರಲಿಲ್ಲ ಅಂದರೆ, ತೊಂದರೆ ಬರದಿದ್ದಾಗ ಅಮ್ಮನ ಹೃದಯ ಚೆನ್ನಾಗಿದೆ ಅಂತಷ್ಟೇ ಗೊತ್ತಾಯಿತು. ಎಕೋ ತೋರಿಸುವುದು ಗೋಡೆ, ಕವಾಟ, ಪಂಪ್ ಮಾಡುವ ಶಕ್ತಿ. ಹೃದಯವನ್ನು ಬಡಿಯುವಂತೆ ಮಾಡುವ ಕರೆಂಟು ಹರಿಯುವ ದಾರಿ ಅದರಲ್ಲಿ ಕಾಣಿಸುವುದಿಲ್ಲ.

ನೀವು ಬರೆದಿರುವ ಲಕ್ಷಣ ನೋಡಿ. ಸ್ವಿಚ್ ಹಾಕಿದ ಹಾಗೆ ಶುರು, ಸ್ವಿಚ್ ಆರಿಸಿದ ಹಾಗೆ ನಿಲ್ಲುವುದು. ಬಗ್ಗಿದಾಗ ಬರುವುದು. ಕತ್ತಿನಲ್ಲಿ ಬಡಿತ, ಆಮೇಲೆ ಮೂತ್ರ ಜಾಸ್ತಿ. ಇದನ್ನು ಕೇಳಿದರೆ ರಿದಂ, ಅಂದರೆ ಬಡಿತದ ಲಯ, ನೋಡುವ ಡಾಕ್ಟರ್‌ಗಳು ಮೊದಲು ಯೋಚಿಸುವುದು ಎಸ್‌ವಿಟಿ ಬಗ್ಗೆ. ಹೃದಯದ ಮೇಲಿನ ಭಾಗದಲ್ಲಿ ಕರೆಂಟು ಒಂದು ಸಣ್ಣ ದಾರಿಯಲ್ಲಿ ಸುತ್ತು ಹೊಡೆಯಲು ಶುರು ಮಾಡುತ್ತದೆ. ಬಡಿತ ಒಮ್ಮೆಲೇ ನಿಮಿಷಕ್ಕೆ 150, 180, 200 ಆಗುತ್ತದೆ. ಅದರಲ್ಲಿ ತುಂಬ ಸಾಮಾನ್ಯವಾದ ಬಗೆ ಗಂಡಸರಿಗಿಂತ ಹೆಂಗಸರಲ್ಲೇ ಜಾಸ್ತಿ. ಹೆಂಗಸರಿಗೆ ಇದು ಬಂದರೆ ಟೆನ್ಶನ್ ಅಂತ ಬರೆದು ಕಳಿಸುವುದೂ ಜಾಸ್ತಿ! ಟೆನ್ಶನ್ನಿಂದ ಏರುವ ಬಡಿತ ಸಾಮಾನ್ಯವಾಗಿ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ಅಮ್ಮನಿಗೆ ಒಂದು ಕೆಲಸ ಹೇಳಿ. ಎದೆ ಹೇಗೆ ಹೊಡೆದುಕೊಳ್ಳುತ್ತದೋ ಹಾಗೇ ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸಲಿ. ಒಂದೇ ಸಮ ಬಡಿಯುತ್ತಾರೋ, ಎಡವಿ ಎಡವಿ ಬಡಿಯುತ್ತಾರೋ ನೋಡಿಕೊಳ್ಳಿ. ಡಾಕ್ಟರ್ ಮುಂದೆಯೂ ಅದನ್ನೇ ಮಾಡಿಸಿ.

ಇನ್ನು ಮಷೀನ್. ಯಾವುದು ದುಬಾರಿ ಅನ್ನುವುದಕ್ಕಿಂತ, ತೊಂದರೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅನ್ನುವುದರ ಮೇಲೆ ಆರಿಸಬೇಕು. ದಿನಾ ಬರುವುದಾದರೆ 24 ಅಥವಾ 48 ಗಂಟೆಯ ಹಾಲ್ಟರ್ ಸಾಕು. ವಾರಕ್ಕೊಮ್ಮೆ ಆದರೆ ಎದೆಗೆ ಅಂಟಿಸುವ ಪ್ಯಾಚ್ ಇದೆ, ವೈರ್ ಇರುವುದಿಲ್ಲ, ಕೆಲವು 14 ದಿನದವರೆಗೂ ಇರುತ್ತವೆ. ಆದರೆ ಅದು ದೊಡ್ಡ ಊರುಗಳ ಕೆಲವು ಆಸ್ಪತ್ರೆಗಳಲ್ಲಿ ಮಾತ್ರ ಸಿಗುತ್ತದೆ. ತಿಂಗಳಿಗೊಮ್ಮೆ ಬಂದು ಕಾಲು ಗಂಟೆ ನಿಲ್ಲುವುದಕ್ಕೆ, ಅದೂ ಎಚ್ಚರ ಇರುವವರಿಗೆ, ಮನೆಯಲ್ಲೇ ಇಟ್ಟುಕೊಳ್ಳುವ ಸಣ್ಣ ಇಸಿಜಿ ಮಷೀನ್ ಒಳ್ಳೆಯದು. ಚರ್ಮದಡಿ ಇಡುವ ಲೂಪ್ ರೆಕಾರ್ಡರ್ ಮುಖ್ಯವಾಗಿ ವರ್ಷಕ್ಕೆ ಒಂದೆರಡು ಸಲ ಎಚ್ಚರ ತಪ್ಪಿ ಬೀಳುವವರಿಗೆ. ಬಿದ್ದವರು ಬಟನ್ ಒತ್ತಲು ಆಗುವುದಿಲ್ಲವಲ್ಲ. ನಿಮ್ಮ ಅಮ್ಮನಿಗೆ ಈಗಲೇ ಅದು ಬೇಡ ಅಂತ ನನ್ನ ಅನಿಸಿಕೆ.

ಮನೆಯಲ್ಲಿ ಇಡುವ ಮಷೀನ್‌ಗಳಲ್ಲಿ ಕಾರ್ಡಿಯಾ ಮೊಬೈಲ್ ಹಳೆಯದು. ಎರಡು ಲೋಹದ ತುಂಡುಗಳ ಮೇಲೆ ಎರಡೂ ಕೈ ಬೆರಳು ಇಟ್ಟರೆ 30 ಸೆಕೆಂಡಿನ ಒಂದು ಲೀಡ್ (ಹೃದಯವನ್ನು ಒಂದೇ ಕೋನದಿಂದ ನೋಡುವ) ಇಸಿಜಿ ಫೋನಿಗೆ ಬರುತ್ತದೆ. ಡೆಹ್ರಾಡೂನ್‌ನ ಸನ್‌ಫಾಕ್ಸ್ ಕಂಪನಿಯ ಸ್ಪಂದನ್ ನಮ್ಮ ದೇಶದ್ದೇ, ಬೆಂಕಿಪೊಟ್ಟಣದಷ್ಟು ಇರುತ್ತದೆ. ಎರಡಕ್ಕೂ ಸ್ಮಾರ್ಟ್‌ಫೋನ್ ಬೇಕು. ಅಮ್ಮನ ಹತ್ತಿರ ಬಟನ್ ಫೋನ್ ಇದ್ದರೆ ಅದನ್ನೂ ಯೋಚಿಸಿ.

ತೆಗೆಯುವ ಕ್ರಮ ಮೊದಲೇ ಅಭ್ಯಾಸ ಮಾಡಿಸಿ. ತೊಂದರೆ ಬಂದಾಗ ಕಲಿಯಲು ಆಗುವುದಿಲ್ಲ. ಕೂತುಕೊಳ್ಳಬೇಕು. ಎರಡೂ ಮೊಣಕೈ ಮೇಜಿನ ಮೇಲೋ ತೊಡೆಯ ಮೇಲೋ ಊರಿರಬೇಕು. ಮಾತಾಡಬಾರದು. ಮಲೆನಾಡಿನ ಚಳಿಗಾಲದಲ್ಲಿ ಬೆರಳು ಒಣಗಿರುತ್ತದೆ, ಗೆರೆ ಗೀಚಿದ ಹಾಗೆ ಬರುತ್ತದೆ, ಅದಕ್ಕೆ ಬೆರಳು ಸ್ವಲ್ಪ ಒದ್ದೆ ಮಾಡಿಕೊಳ್ಳಲಿ. ಅಡಿಕೆ ಸುಲಿದ ಕೈಯಾದರೆ ಮೊದಲು ತೊಳೆಯಲಿ. ಒಂದು ತೆಗೆದು ನಿಲ್ಲಿಸಬೇಡಿ, ನಿಲ್ಲುವವರೆಗೂ ಮತ್ತೆ ಮತ್ತೆ ತೆಗೆಯಿರಿ. ಬಡಿತ ನಿಂತು ಮಾಮೂಲಿಗೆ ಬರುವ ಆ ಕ್ಷಣ ಸಿಕ್ಕರೆ ಡಾಕ್ಟರ್‌ಗೆ ಅದು ಎಲ್ಲಕ್ಕಿಂತ ಬೆಲೆಬಾಳುವ ತುಂಡು. ಹೇಗೆ ನಿಂತಿತು ಅನ್ನುವುದರಲ್ಲೇ ಯಾವ ಬಗೆ ಅನ್ನುವ ಸುಳಿವು ಇರುತ್ತದೆ.

ಆಪ್ ಏನು ಬರೆಯುತ್ತದೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಗೊತ್ತಾಗಲಿಲ್ಲ ಅಂತಲೂ ಬರಬಹುದು. ಗೆರೆ ಮುಖ್ಯ, ಅದನ್ನು ಓದುವವರು ಬೇರೆ ಇದ್ದಾರೆ.

ಹಾಲ್ಟರ್ ಬಗ್ಗೆ ಕೇಳಿದಿರಿ ಅಂತ ಇಷ್ಟು ಹೇಳುತ್ತೇನೆ. ಮತ್ತೆ ಹಾಕಿಸಿದರೂ ಡೈರಿ ಬರೆಯದಿದ್ದರೆ ಅರ್ಧ ಕೆಲಸ ಹಾಳು. ನಾನು ಕೊಡುವ ಹಾಳೆಯನ್ನು ಬಹಳ ಜನ ಖಾಲಿ ತಂದುಕೊಡುತ್ತಾರೆ. ಒಂದು ದಿನಕ್ಕೆ ಸುಮಾರು ಒಂದು ಲಕ್ಷ ಬಡಿತ. ಅದರಲ್ಲಿ ಎಲ್ಲಿ ನೋಡಬೇಕು ಅಂತ ತೋರಿಸುವುದು "ಸಂಜೆ 4:20, ಎದೆ ಹಾರಿತು" ಅನ್ನುವ ಆ ಒಂದು ಸಾಲು. ಎದೆ ಹಾರಿದ ಹೊತ್ತಿನಲ್ಲಿ ಗೆರೆ ಮಾಮೂಲಿ ಇದ್ದರೆ, ಆಗ ಮಾತ್ರ ರಿದಂ ತೊಂದರೆ ಅಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಇನ್ನು ಹಾಲ್ಟರ್ ಮೋಸ ಮಾಡುವುದೂ ಉಂಟು. ಹಲ್ಲು ಉಜ್ಜುವಾಗ ಕೈ ಅಲುಗಿದ್ದು ಗೆರೆಯಲ್ಲಿ ವಿಟಿ ಎಂಬ ಅಪಾಯದ ಬಡಿತದ ಹಾಗೇ ಕಾಣಿಸಬಹುದು. ತೆಂಗಿನಕಾಯಿ ತುರಿಯುವುದು, ಬಟ್ಟೆ ಕುಸುಬುವುದು ಎಲ್ಲ ಹಾಗೇ. ಡೈರಿಯಲ್ಲಿ "7:10 ಹಲ್ಲುಜ್ಜಿದೆ" ಅಂತ ಇದ್ದರೆ ನಾವು ಬದುಕಿಕೊಳ್ಳುತ್ತೇವೆ. ಮೈಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ, ಸ್ಟಿಕ್ಕರ್ ನಿಲ್ಲುವುದಿಲ್ಲ. ಮಾಂಗಲ್ಯದ ಸರ ವೈರಿಗೆ ತಾಗುತ್ತಿರುತ್ತದೆ, ತೆಗೆಯಿರಿ ಅಂದರೆ ಒಪ್ಪುವುದಿಲ್ಲ, ಹಾಗಾಗಿ ನಾನು ಹಿಂದಕ್ಕೆ ಸರಿಸಿ ಟೇಪ್ ಹಾಕಿಬಿಡುತ್ತೇನೆ. ರಿಪೋರ್ಟಿನಲ್ಲಿ ನಿದ್ದೆಯಲ್ಲಿ ಬಡಿತ 48 ಅಂತ ನೋಡಿ ಹೆದರಿ ಬರುವವರೂ ಇದ್ದಾರೆ. ರಾತ್ರಿ ಅಷ್ಟು ಇಳಿಯುವುದು ಸಾಮಾನ್ಯವಾಗಿ ತೊಂದರೆಯಲ್ಲ. ಅಲ್ಲೊಂದು ಇಲ್ಲೊಂದು ಎಡವಿದ ಬಡಿತವೂ ಹಾಗೇ.

ಸೊಂಟಕ್ಕೆ ಕಟ್ಟಿದ ಡಬ್ಬಿ ಭಾರ ಅಂತ ಗೊಣಗುವವರಿಗೆ ನಾನು ನಾರ್ಮನ್ ಹಾಲ್ಟರ್ ಕಥೆ ಹೇಳುತ್ತೇನೆ. ಅಮೆರಿಕದ ಮೊಂಟಾನಾದ ಭೌತವಿಜ್ಞಾನಿ ಆತ. 1940ರ ದಶಕದಲ್ಲಿ ಅವನು ಮಾಡಿದ ಮೊದಲ ಯಂತ್ರವನ್ನು ಬೆನ್ನಿಗೆ ಹೊತ್ತುಕೊಳ್ಳಬೇಕಿತ್ತು, ತೂಕ 38 ಕಿಲೋ ಹತ್ತಿರ! ಈಗಿನದು ಅಂಗೈಯಲ್ಲಿ ಹಿಡಿಯುತ್ತದೆ.

ಕೊನೆಗೆ ಎರಡು ಮಾತು. ಹಳೆಯ ನಾರ್ಮಲ್ ಇಸಿಜಿ ಎಲ್ಲ ಜೋಪಾನ ಮಾಡಿ, ರಿದಂ ತಜ್ಞರಿಗೆ ತೋರಿಸಿ. ಹುಟ್ಟಿನಿಂದಲೇ ಒಂದು ಹೆಚ್ಚುವರಿ ಕರೆಂಟಿನ ದಾರಿ ಇರುವವರಲ್ಲಿ ಮಾಮೂಲಿ ಹೊತ್ತಿನ ಇಸಿಜಿಯಲ್ಲೂ ಸಣ್ಣ ಗುರುತು ಇರಬಹುದು, ಅವಸರದಲ್ಲಿ ಕಣ್ಣು ತಪ್ಪಬಹುದು. ಎರಡನೆಯದು, ಎಚ್ಚರ ತಪ್ಪಿದರೆ, ಎದೆನೋವು ಅಥವಾ ಉಸಿರಾಟದ ತೊಂದರೆ ಬಂದರೆ ಈ ಬೆರಳಿನ ಮಷೀನ್ ಎಲ್ಲ ಬದಿಗಿಟ್ಟು ನೇರ ಆಸ್ಪತ್ರೆಗೆ ಹೋಗಿ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ ಅದನ್ನು ಡಾಕ್ಟರ್‌ಗೆ ಹೇಳಲೇಬೇಕು.

ಪೆನ್ಷನ್‌ದಾರ

ವಾಚ್ ಬಗ್ಗೆ ನಾನು ಹೇಳಬಹುದು. ನನಗೆ 66. ಮಗಳು ಆಪಲ್ ವಾಚ್ ಕೊಡಿಸಿದ್ದಳು. ನನಗೆ ಎದೆ ಹಾರುವುದು, ಸುಸ್ತು ಏನೂ ಇರಲಿಲ್ಲ. ಒಂದು ದಿನ ಲಾಲ್‌ಬಾಗ್‌ನಿಂದ ಬಂದು ಪೇಪರ್ ಓದುತ್ತಿದ್ದೆ, ಬಡಿತ ಅಸ್ತವ್ಯಸ್ತ ಇದೆ ಅಂತ ವಾಚ್ ಎಚ್ಚರಿಸಿತು. ಡಾಕ್ಟರ್ ಹತ್ತಿರ ಹೋದರೆ ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಸಿಕ್ಕಿತು. ಇದರಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯದೆ ಅದುರುತ್ತಿರುತ್ತವೆ, ಒಳಗೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು. ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು ಅಂದರು. ಬಿಪಿ, ಸಕ್ಕರೆ ಎರಡೂ ಇದ್ದಿದ್ದಕ್ಕೆ ರಕ್ತ ತೆಳು ಮಾಡುವ ಮಾತ್ರೆ ಶುರು ಮಾಡಿದರು. ನನ್ನ ಪಾಲಿಗೆ ವಾಚ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕೊಡಿಸಿ ಸರ್.

ಹಾಲ್ಟರ್ ರೂಮಿನವಳು

ನಿಮಗೆ ಸಿಕ್ಕಿದ್ದು ಬಹಳ ಒಳ್ಳೆಯದಾಯಿತು ಸರ್. ಆ ವಾಚ್ ಹುಡುಕಲು ಕಲಿತಿರುವುದು ಮುಖ್ಯವಾಗಿ ಅದನ್ನೇ. 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಆಪಲ್ ವಾಚ್ ಕಟ್ಟಿದ್ದರು. ಎಚ್ಚರಿಕೆ ಬಂದಿದ್ದು ಇನ್ನೂರು ಜನರಲ್ಲಿ ಸುಮಾರು ಒಬ್ಬರಿಗೆ. ಅವರಲ್ಲಿ ಆಮೇಲೆ ಪ್ಯಾಚ್ ಹಾಕಿಸಿಕೊಂಡು ವಾಪಸ್ ಕೊಟ್ಟವರಲ್ಲಿ ಮೂರನೇ ಒಂದು ಭಾಗಕ್ಕೆ ಏಟ್ರಿಯಲ್ ಫಿಬ್ರಿಲೇಶನ್ ಸಿಕ್ಕಿತು. ಅದು ಬಂದು ಹೋಗುವ ಕಾಯಿಲೆ, ಪ್ಯಾಚ್ ಇದ್ದಾಗ ಬರದೆಯೂ ಇರಬಹುದು.

ಆದರೆ ತುಂಗಾತೀರ ಅವರ ಅಮ್ಮನದು ಬೇರೆ ಕಥೆ ಅನ್ನಿಸುತ್ತದೆ. ಬಡಿತ 150 ದಾಟಿದರೆ ಆ ವಾಚಿನ ಇಸಿಜಿ ಆಪ್ ಏಟ್ರಿಯಲ್ ಫಿಬ್ರಿಲೇಶನ್ ಇದೆ, ಇಲ್ಲ ಅಂತ ತೀರ್ಪು ಕೊಡುವುದಿಲ್ಲ. ಗೆರೆ ಮಾತ್ರ ಉಳಿಯುತ್ತದೆ, ಅದು ಉಪಯೋಗಕ್ಕೆ ಬರುತ್ತದೆ. ಹಾಗಾಗಿ ಮನೆಯಲ್ಲಿ ಐಫೋನ್ ಇದ್ದರೆ ಸರಿ. ಇಲ್ಲದಿದ್ದರೆ ಫೋನ್, ವಾಚ್ ಎರಡೂ ಕೊಳ್ಳುವುದು ಯಾಕೆ?

ಎರಡು ಸಾವಿರದ ವಾಚ್ ತಂದು ಇದರಲ್ಲೂ ಹಾರ್ಟ್ ಬರುತ್ತೆ ಅನ್ನುವವರಿಗೆ ಒಂದು ಮಾತು. ಅವುಗಳಲ್ಲಿ ಇರುವುದು ಹಸಿರು ಬೆಳಕು ಮಾತ್ರ. ಚರ್ಮದಡಿ ರಕ್ತ ಏರಿಳಿಯುವುದನ್ನು ನೋಡಿ ಲೆಕ್ಕ ಹಾಕುತ್ತವೆ. ಅದು ಇಸಿಜಿ ಅಲ್ಲ. ಬಡಿತ ಎಷ್ಟು ಅಂತ ಅಂದಾಜು ಹೇಳುತ್ತದೆ, ಅದೂ ತುಂಬ ಜೋರಾಗಿದ್ದಾಗ ತಪ್ಪಬಹುದು. ಯಾವ ಬಗೆಯ ಬಡಿತ ಅಂತ ಡಾಕ್ಟರ್ ಓದಲು ಅದರಲ್ಲಿ ಗೆರೆಯೇ ಇರುವುದಿಲ್ಲ. ಇನ್ನೊಂದು, ಇಸಿಜಿ ಇರುವ ವಾಚ್ ಕೂಡ ಹಾರ್ಟ್ ಅಟ್ಯಾಕ್ ಹೇಳುವುದಿಲ್ಲ. ಕಂಪನಿಯವರೇ ಅದನ್ನು ಬರೆದಿದ್ದಾರೆ.

ಹುಬ್ಬಳ್ಳಿ ಮಂದಿ

ಚಿಪ್ ಬಗ್ಗೆ ಕೇಳಿದ್ದೀರಿ. ನಮ್ಮ ಅಪ್ಪಾಜಿಗೆ ಅದನ್ನು ಹಾಕಿಸಿದೆವು, ಅದಕ್ಕೇ ಬರೆಯುತ್ತಿದ್ದೇನೆ. ಅವರದು ನಿಮ್ಮ ತಾಯಿಯವರ ಹಾಗಲ್ಲ. ಎದೆ ಹಾರುವುದು ಏನೂ ಇಲ್ಲ, ನಿಂತಲ್ಲೇ ಬಿದ್ದುಬಿಡುತ್ತಿದ್ದರು. ಒಮ್ಮೆ ಸಂತೆಯಲ್ಲಿ, ಒಮ್ಮೆ ಬಚ್ಚಲಲ್ಲಿ ಬಿದ್ದು ಹುಬ್ಬು ಒಡೆದುಕೊಂಡರು. ಒಂದು ನಿಮಿಷದೊಳಗೆ ಎದ್ದು ಕೂತು "ನನಗೇನಾಗಿದೆ, ಚಹಾ ತನ್ನಿ" ಅನ್ನುತ್ತಿದ್ದರು. ತಲೆಯ ಸ್ಕ್ಯಾನ್ ಸರಿ ಇತ್ತು. ಆದರೂ ಒಂದು ಆಸ್ಪತ್ರೆಯವರು ಫಿಟ್ಸ್ ಅಂತ ಮಾತ್ರೆ ಶುರು ಮಾಡಿದರು. ಮಾತ್ರೆ ತಿಂದೂ ಬಿದ್ದರು.

ಆಮೇಲೆ ಸಿಕ್ಕ ಡಾಕ್ಟರ್ ಲೂಪ್ ರೆಕಾರ್ಡರ್ ಹೇಳಿದರು. ಒಂದು ಸಣ್ಣ ಕಡ್ಡಿಯಷ್ಟು ಇರುತ್ತದೆ. ಎದೆಯ ಎಡಭಾಗದಲ್ಲಿ ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟಿಸಿ ಚರ್ಮದ ಕೆಳಗೆ ತೂರಿಸುತ್ತಾರೆ. ಹೃದಯದೊಳಗೆ ಏನೂ ಹೋಗುವುದಿಲ್ಲ. ಅಪ್ಪಾಜಿ ಹೆದರಿದ್ದರು, ಹಲ್ಲು ಕೀಳಿಸಿದಷ್ಟೂ ನೋವಿಲ್ಲ ಅಂದರು. ಖರ್ಚು ಮಾತ್ರ ಲಕ್ಷ ದಾಟಿತು. ಬ್ಯಾಟರಿ ಮೂರು ವರ್ಷದ ಆಸುಪಾಸು, ಹೊಸ ಮಾದರಿಗಳದು ನಾಲ್ಕೂವರೆವರೆಗೂ ಬರುತ್ತದಂತೆ. ಹಾಸಿಗೆ ಪಕ್ಕದಲ್ಲಿ ಒಂದು ಡಬ್ಬಿ ಇಟ್ಟರೆ ರಾತ್ರಿ ಹೊತ್ತು ಮೊಬೈಲ್ ನೆಟ್‌ವರ್ಕ್‌ನಲ್ಲಿ ಆಸ್ಪತ್ರೆಗೆ ಕಳಿಸುತ್ತದೆ. ಕೆಲವು ತಿಂಗಳು ಏನೂ ಇಲ್ಲ. ದುಡ್ಡು ನೀರಿಗೆ ಹಾಕಿದೆವು ಅಂತ ಅಣ್ಣ ಬೈಯುತ್ತಿದ್ದ. ಒಂದು ದಿನ ಬೆಳಿಗ್ಗೆ ಆಸ್ಪತ್ರೆಯಿಂದಲೇ ಫೋನ್, "ಎಲ್ಲಿದ್ದಾರೆ ನಿಮ್ಮ ತಂದೆ, ಕರೆದುಕೊಂಡು ಬನ್ನಿ" ಅಂತ. ನಸುಕಿನಲ್ಲಿ ಹೃದಯ 7 ಸೆಕೆಂಡು ನಿಂತಿತ್ತು. ಮೂರು ಸೆಕೆಂಡು ದಾಟಿದರೇ ಡಾಕ್ಟರ್‌ಗಳು ಎಚ್ಚೆತ್ತುಕೊಳ್ಳುತ್ತಾರಂತೆ. ಪೇಸ್‌ಮೇಕರ್ ಹಾಕಿದರು. ಫಿಟ್ಸ್ ಮಾತ್ರೆಯನ್ನು ಡಾಕ್ಟರೇ ನಿಲ್ಲಿಸಿದರು. ಆಮೇಲೆ ಬಿದ್ದಿಲ್ಲ.

ಹೀಗಾಗಿ ಚಿಪ್ ಕೆಟ್ಟದ್ದಲ್ಲ. ಆದರೆ ಎಚ್ಚರ ಇದ್ದು, ಕಾಲು ಗಂಟೆ ಟೈಮ್ ಸಿಗುವವರಿಗೆ ಅಷ್ಟು ಖರ್ಚು ಯಾಕೆ? ಮೇಡಂ ಹೇಳಿದ್ದು ಸರಿ ಇದೆ.

ತುಂಗಾತೀರ

ಎಲ್ಲರಿಗೂ ಥ್ಯಾಂಕ್ಸ್. ಬೆರಳಿನ ಮಷೀನ್ ಕೊಂಡು ಅಪ್ಪನ ಫೋನಿಗೆ ಜೋಡಿಸಿ ಬಂದಿದ್ದೆ. ಅಪ್ಪನಿಗೆ ಅದೊಂದು ಆಟದ ಸಾಮಾನು ಆಯಿತು, ಊರವರದ್ದೆಲ್ಲ ಇಸಿಜಿ ತೆಗೆದು ನನಗೆ ಕಳಿಸುತ್ತಿದ್ದರು. ನಿನ್ನೆ ಮಧ್ಯಾಹ್ನ ಅಮ್ಮನಿಗೆ ಬಂತು. ಈ ಸಲ ಅವರೇ ಅಪ್ಪನನ್ನು ಕೂಗಿದರಂತೆ. ಸಾಲಾಗಿ ಐದಾರು ತೆಗೆದಿದ್ದಾರೆ. ಬಡಿತ 182 ಅಂತ ಇದೆ, ಗೆರೆ ಒಂದೇ ಸಮ, ಗರಗಸದ ಹಲ್ಲಿನ ಹಾಗೆ ಒತ್ತೊತ್ತಾಗಿದೆ. ಕೊನೆಯದರಲ್ಲಿ ಮಧ್ಯದಲ್ಲೇ ನಿಂತು 90ಕ್ಕೆ ಬಂದಿದೆ. ಮೇಡಂ, ಇದು ನೀವು ಹೇಳಿದ್ದೇನಾ? ಮುಂದೆ ಯಾರಿಗೆ ತೋರಿಸಬೇಕು? ಮತ್ತೆ ಬಂದರೆ ಮನೆಯಲ್ಲಿ ನಿಲ್ಲಿಸಲು ಏನಾದರೂ ಮಾಡಬಹುದಾ?

ಹಾಲ್ಟರ್ ರೂಮಿನವಳು

ಅಪ್ಪನಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ನಿಂತ ಕ್ಷಣವೇ ಸಿಕ್ಕಿದೆಯಲ್ಲ, ನಮ್ಮ ಡಿಪಾರ್ಟ್‌ಮೆಂಟಿನಲ್ಲೂ ಅದು ಅಪರೂಪ.

ಹೆಸರು ಇಡುವುದು ಡಾಕ್ಟರ್ ಕೆಲಸ, ನಾನು ಇಲ್ಲಿ ಕೂತು ಹೇಳುವುದಿಲ್ಲ. ಎಲೆಕ್ಟ್ರೋಫಿಸಿಯಾಲಜಿಸ್ಟ್ ಅಂತ ಇರುತ್ತಾರೆ, ಹೃದಯದ ಕರೆಂಟನ್ನೇ ನೋಡುವ ತಜ್ಞರು. ಎಲ್ಲ ಹಾರ್ಟ್ ಡಾಕ್ಟರ್‌ಗಳೂ ಅದನ್ನು ಮಾಡುವುದಿಲ್ಲ, ಫೋನ್ ಮಾಡಿ ಕೇಳಿಕೊಂಡು ಹೋಗಿ. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಸರ್ಕಾರದ್ದು, ಖರ್ಚಿನ ಚಿಂತೆ ಇದ್ದರೆ ಅಲ್ಲಿ ಕೇಳಿ. ಅವರು ಇಪಿ ಸ್ಟಡಿ ಅಂತ ಹೇಳಬಹುದು. ತೊಡೆಸಂದಿಯ ರಕ್ತನಾಳದಿಂದ ತೆಳುವಾದ ವೈರ್‌ಗಳನ್ನು ಹೃದಯಕ್ಕೆ ಕಳಿಸಿ, ಬೇಕಂತಲೇ ಆ ಬಡಿತ ಬರಿಸಿ, ಕರೆಂಟು ಎಲ್ಲಿ ಸುತ್ತುತ್ತಿದೆ ಅಂತ ಪತ್ತೆ ಮಾಡುತ್ತಾರೆ. ಸಿಕ್ಕಿದರೆ ಸಾಮಾನ್ಯವಾಗಿ ಅದೇ ಸಲ ಆ ಜಾಗವನ್ನು ಬಿಸಿ ಮಾಡಿ ಸುಟ್ಟುಬಿಡುತ್ತಾರೆ, ಅದಕ್ಕೆ ಅಬ್ಲೇಶನ್ ಅನ್ನುತ್ತಾರೆ. ಸಾಮಾನ್ಯ ಬಗೆಯ ಎಸ್‌ವಿಟಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ಗುಣವಾಗುತ್ತದೆ. ಪಕ್ಕದಲ್ಲಿರುವ ಕರೆಂಟಿನ ಮುಖ್ಯ ದಾರಿಗೆ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗುವ ಸಣ್ಣ ಅಪಾಯ ಇದೆ, ಅದನ್ನು ಬಾಯಿಬಿಟ್ಟು ಕೇಳಿ. ಎಲ್ಲರಿಗೂ ಅಬ್ಲೇಶನ್ ಬೇಕೆಂದಿಲ್ಲ, ಮಾತ್ರೆಯಲ್ಲೇ ಇರುವವರೂ ಇದ್ದಾರೆ.

ಮನೆಯಲ್ಲಿ ನಿಲ್ಲಿಸಲು ಮುಕ್ಕಿರಿಯುವ, ಅಂದರೆ ಉಸಿರು ಬಿಗಿಹಿಡಿದು ತಿಣುಕುವ ಉಪಾಯ ಒಂದಿದೆ. ಒರಗಿ ಕೂತು 15 ಸೆಕೆಂಡು ಜೋರಾಗಿ ಮುಕ್ಕಿರಿದು, ತಕ್ಷಣ ಅಂಗಾತ ಮಲಗಿ, ಬೇರೆಯವರು ಕಾಲು ಎತ್ತಿ ಹಿಡಿಯುವುದು. 2015ರಲ್ಲಿ ಬ್ರಿಟನ್ನಿನ ಎಮರ್ಜೆನ್ಸಿ ವಿಭಾಗಗಳಲ್ಲಿ ಪರೀಕ್ಷೆ ಮಾಡಿದಾಗ ಹೀಗೆ ಕಾಲು ಎತ್ತಿದವರಲ್ಲಿ ನೂರಕ್ಕೆ 43 ಜನರಿಗೆ ನಿಂತಿತು. ಬರೀ ಕೂತು ಮುಕ್ಕಿರಿದವರಲ್ಲಿ 17 ಜನರಿಗೆ ಮಾತ್ರ. ಆದರೆ ಡಾಕ್ಟರ್ ಅಮ್ಮನನ್ನು ನೋಡಿ ಸರಿ ಅಂದ ಮೇಲೆ, ಅವರ ಮುಂದೆಯೇ ಕಲಿತು ಮಾಡಿ. ಮೊದಲು ಒಂದು ರೆಕಾರ್ಡ್ ತೆಗೆದುಕೊಂಡು ಆಮೇಲೆ ಶುರು ಮಾಡಿ. ಅರ್ಧ ಗಂಟೆ ದಾಟಿದರೆ ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ "ಈಗ ಆಗ್ತಿದೆ, ಚೀಟಿ ಆಮೇಲೆ, ಮೊದಲು ಇಸಿಜಿ" ಅಂತ ಬಾಗಿಲಲ್ಲೇ ಹೇಳಿ. ಬೆರಳಿನ ಒಂದು ಲೀಡ್‌ಗಿಂತ ಅಲ್ಲಿನ 12 ಲೀಡ್ ಯಾವತ್ತೂ ಮೇಲು.

ಹೋಗುವಾಗ ಹಳೆಯ ಇಸಿಜಿ, ಎಕೋ, ಹಾಲ್ಟರ್ ಎಲ್ಲ ಇರಲಿ, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯೂ ಇರಲಿ. ಬಡಿತ ಇಳಿಸುವ ಮಾತ್ರೆ ಕೊಟ್ಟರೆ ನೀವಾಗಿ ನಿಲ್ಲಿಸಬೇಡಿ. ಇಪಿ ಸ್ಟಡಿಗೆ ಕೆಲವು ದಿನ ಮುಂಚೆ ಅವರೇ ನಿಲ್ಲಿಸಲು ಹೇಳುತ್ತಾರೆ. ಮತ್ತೆ ಆ ರೆಕಾರ್ಡ್‌ಗಳನ್ನು ಸ್ಕ್ರೀನ್ ಫೋಟೋ ತೆಗೆದು ವಾಟ್ಸಾಪ್ ಮಾಡಬೇಡಿ. ಆಪ್‌ನಿಂದ ಪಿಡಿಎಫ್ ಇಳಿಸಿಕೊಂಡು ಡಾಕ್ಯುಮೆಂಟ್ ಆಗಿ ಕಳಿಸಿ, ಸಾಧ್ಯವಾದರೆ ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಸಿ. ಡಾಕ್ಟರ್‌ಗೆ ಗೆರೆಯ ಹಿಂದಿನ ಚೌಕಗಳನ್ನು ಎಣಿಸಲು ಆಗಬೇಕು.